ಗಾಳಿ ಇಲ್ಲದ ಆರು ಚೆಂಡು

"ಇಲ್ಲಿ ನಮ್ ಸಾಹೇಬ್ರ ಮನೇಲಿ ಎರಡು ಮೂಟೆ ಆಟದ ಸಾಮಾನು ಐತೆ. ಬಿಸಾಕೋ ಬದಲು ನಿಮ್ಮೂರ ಮಕ್ಕಳಿಗೆ ಕೊಡ್ತೀನಿ ಅಂತಾವ್ರೆ. ಬಂದು ತಗೊಂಡೋಗ್ತೀರೇನಪ್ಪಾ?"

ಅಕ್ಕನ ಈ ಫೋನ್ ಬಂದಾಗ ನಾವು ತಾಲ್ಲೂಕು ಕಚೇರಿ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆವು. ನಾವು ಎಂದರೆ ಇಬ್ಬರು. ಒಬ್ಬ ಸುದ್ದಿ ಬರೆಯುವವನು, ಇನ್ನೊಬ್ಬ ಫೋಟೊ ತೆಗೆಯುವವನು. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಒಂದೇ ಬೆಂಚು, ಈಗ ಕೋಲಾರ ಜಿಲ್ಲೆಯ ಹಳ್ಳಿ ಸುತ್ತುವುದಕ್ಕೆ ಒಂದೇ ಬೈಕು. ಕೆಳಗೆ ಹೇಳುವ ತಪ್ಪಿನಲ್ಲೂ ಇಬ್ಬರದು ಸಮಪಾಲು. ಹಾಗಾಗಿ ಉದ್ದಕ್ಕೂ 'ನಾವು' ಎಂದೇ ಬರೆಯುತ್ತೇವೆ.

ಅಕ್ಕ ನಮ್ಮೂರಿನವರು. ಬೆಂಗಳೂರಿನ ರಿಚರ್ಡ್ಸ್ ಟೌನಿನ ಒಂದು ಮನೆಯಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಕೆಲಸ ಮಾಡುತ್ತಾರೆ. ನಮ್ಮ ಕಡೆಯವರಿಗೆ ಬೆಂಗಳೂರು ಎಂದರೆ ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಆಸ್ಪತ್ರೆ ಇಷ್ಟೇ. ರಿಚರ್ಡ್ಸ್ ಟೌನ್ ಹೆಸರು ಕೇಳಿದವರು ಕಡಿಮೆ. ಅದು ದಂಡು ಪ್ರದೇಶದಲ್ಲಿದೆ. ಪಕ್ಕದಲ್ಲೇ ಫ್ರೇಜರ್ ಟೌನ್. ಅದಕ್ಕೆ ಈಗ ಪುಲಕೇಶಿನಗರ ಎಂಬ ಹೆಸರೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ, ಇಕ್ಕಟ್ಟಿನ ಕೇರಿಗಳಿಂದ ಜನ ಹೊರಗೆ ಬರಲಿ ಎಂದು ಅಗಲ ರಸ್ತೆ, ಗಾಳಿ ಬೆಳಕು ಇಟ್ಟು ಕಟ್ಟಿದ ಬಡಾವಣೆಗಳ ಕಡೆ ಅದು. ನಡುವೆ ರಿಚರ್ಡ್ಸ್ ಪಾರ್ಕ್ ಇದೆ. ಹಳೆ ಕಾಂಪೌಂಡ್ ಮನೆಗಳು ಕೆಲವು ಉಳಿದಿವೆ, ಉಳಿದ ಕಡೆ ಅಪಾರ್ಟ್‌ಮೆಂಟ್ ಎದ್ದಿವೆ.

ಆಗಸ್ಟ್ ತಿಂಗಳ ಒಂದು ಭಾನುವಾರ ಮಾಲೂರಿನಲ್ಲಿ ರೈಲು ಹತ್ತಿ ಕಂಟೋನ್ಮೆಂಟ್ ಸ್ಟೇಷನ್‌ನಲ್ಲಿ ಇಳಿದೆವು. ಅಲ್ಲಿಂದ ಆಟೊ. ಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದರು, ಹಿಂದೆ ಮನೆ ಯಜಮಾನರು. ಎಂಬತ್ತು ದಾಟಿದ ಹಿರಿಯರು. ಮೊಮ್ಮಕ್ಕಳು ಓದು ಮುಗಿಸಿ ವಿದೇಶಕ್ಕೆ ಹೋಗಿದ್ದಾರೆ. ಅವರು ಆಡಿ ಬಿಟ್ಟ ಸಾಮಾನು ಮಹಡಿ ಕೋಣೆಯ ತುಂಬ ಉಳಿದಿದೆ.

ಏನೇನಿತ್ತು ಗೊತ್ತಾ? ಆರು ಫುಟ್‌ಬಾಲ್, ಎರಡು ಕ್ರಿಕೆಟ್ ಬ್ಯಾಟ್, ಒಂದೇ ಕಾಲಿನ ಪ್ಯಾಡ್, ಹೆಲ್ಮೆಟ್, ತಂತಿ ಹರಿದ ಟೆನಿಸ್ ರ‍್ಯಾಕೆಟ್ ಮೂರು, ಚಕ್ರದ ಸ್ಕೇಟ್ಸ್ ಎರಡು ಜೊತೆ, ಈಜುವ ಕನ್ನಡಕ, ಆಮೇಲೆ ಹತ್ತು ಹನ್ನೆರಡು ಜೊತೆ ಶೂ. ಕೆಲವು ಶೂ ಎಷ್ಟು ಚೆನ್ನಾಗಿದ್ದವು ಎಂದರೆ ನಾವೇ ಒಮ್ಮೆ ಕಾಲಿಟ್ಟು ನೋಡಿದೆವು.

ಹಿರಿಯರು ತಮಿಳು ಬೆರೆತ ಕನ್ನಡದಲ್ಲಿ ಕಥೆ ಶುರುಮಾಡಿದರು. 1948ರ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಜುಲೈ 31ರಂದು ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. 2-1ರಲ್ಲಿ ಸೋತರು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಇದ್ದರು. ಎರಡು ಪೆನಾಲ್ಟಿ ಕಿಕ್ ತಪ್ಪದೇ ಹೋಗಿದ್ದರೆ ಗೆದ್ದೇ ಬಿಡುತ್ತಿದ್ದರು.

"ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿ," ಎಂದರು ಹಿರಿಯರು. "ಅಲ್ಲಿ ಚಳಿ. ಎದುರಿಗೆ ಯುಗೊಸ್ಲಾವಿಯ. ಹತ್ತು ಗೋಲು ಹೊಡೆಸಿಕೊಂಡು ಬಂದರು. ನಮ್ಮ ಕಡೆ ಒಂದೇ ಗೋಲು, ಅದು ಅಹ್ಮದ್ ಖಾನ್‌ದು. ಆಮೇಲೆ ಎಲ್ಲರೂ ಬೂಟ್ ಹಾಕಲೇಬೇಕು ಅಂತ ರೂಲ್ ಬಂತು. ಆದರೆ ನಮ್ಮಪ್ಪ ಒಂದು ಮಾತು ಹೇಳೋರು. ಬೂಟ್ ಕೊಟ್ಟ ದಿನವೇ ಆಟ ಬರಲ್ಲ ಕಣೋ. ಕಾಲು ಕಲೀಬೇಕು. ಬರಿಗಾಲಿನವನಿಗೆ ಹೊಸ ಬೂಟ್ ಅಂದರೆ ಕಾಲಿಗೆ ಕಟ್ಟಿದ ಇಟ್ಟಿಗೆ."

ನಾವು ತಲೆಯಾಡಿಸಿದೆವು. ನಿಜ ಹೇಳಬೇಕೆಂದರೆ ನಮ್ಮ ಕಣ್ಣು ಗಡಿಯಾರದ ಮೇಲಿತ್ತು. ಸಂಜೆ ರೈಲು ಹಿಡಿಯಬೇಕು, ಸುದ್ದಿ ಕಳಿಸಬೇಕು. ಚೆಂಡುಗಳು ಮೂಟೆಯಲ್ಲಿ ಹಿಡಿಸಲಿಲ್ಲ. ಅವರ ಹತ್ತಿರವೇ ಪಿನ್ ಇಸಿದುಕೊಂಡು ಆರಕ್ಕೂ ಚುಚ್ಚಿ ಗಾಳಿ ಬಿಟ್ಟೆವು. ರೊಟ್ಟಿಯ ಹಾಗೆ ಚಪ್ಪಟೆಯಾದವು.

"ಪಂಪು, ಪಿನ್ನು ತಗೊಂಡು ಹೋಗಿ."

"ಬೇಡ ಸಾರ್, ಊರಲ್ಲಿ ಸೈಕಲ್ ಶಾಪ್ ಇದೆ."

ನಮ್ಮ ಮೊದಲ ತಪ್ಪು ಅದು.

ಬುಧವಾರ ನಮ್ಮ ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಾಮಾನು ಹಂಚಿದೆವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಒಂದೊಂದು ವಸ್ತು ಕೊಟ್ಟು ಫೋಟೊ ತೆಗೆದೆವು. ಎರಡನೇ ತರಗತಿಯ ಪುಟ್ಟ ಹುಡುಗನ ಕೈಯಲ್ಲಿ ಟೆನಿಸ್ ರ‍್ಯಾಕೆಟ್. ತಂತಿ ಇಲ್ಲದ ಚೌಕಟ್ಟಿನೊಳಗಿಂದ ಅವನ ಮುಖ ನಗುತ್ತಿತ್ತು. ಫೋಟೊ ಚೆನ್ನಾಗಿ ಬಂತು. 'ಗ್ರಾಮೀಣ ಮಕ್ಕಳಿಗೆ ನಗರದ ದಾನಿಯಿಂದ ಕ್ರೀಡಾ ಸಾಮಗ್ರಿ' ಎಂಬ ತಲೆಬರಹದಡಿ ಜಿಲ್ಲಾ ಪುಟದಲ್ಲಿ ಬಂತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೂವು, ಕೈಮುಗಿಯುವ ಚಿತ್ರ ಎಲ್ಲ ಬಂದವು.

ಆ ಶಾಲೆಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ. ಹಿಂದಿನ ವಾರವಷ್ಟೇ ಹೋಬಳಿ ಮಟ್ಟದ 400 ಮೀಟರ್ ಓಟದಲ್ಲಿ ಮೊದಲು ಬಂದಿದ್ದಳು, ಬರಿಗಾಲಲ್ಲಿ. ಮುಂದಿನ ಸೋಮವಾರ ತಾಲ್ಲೂಕು ಮಟ್ಟ. ಅವಳಿಗೆ ನೀಲಿ ಬಣ್ಣದ ಓಟದ ಶೂ ಕೊಟ್ಟೆವು. ಅದು ಐದು ನಂಬರ್. ಅವಳ ಕಾಲು ಮೂರು ನಂಬರ್. ಮುಂದೆ ಬಟ್ಟೆ ತುರುಕಿ ಲೇಸು ಬಿಗಿದೆವು.

"ಬಿಗಿ ಆಯ್ತೇನಮ್ಮಾ?"

"ಆಯ್ತು ಸಾರ್."

ಅವಳು ಇನ್ನೇನು ಹೇಳಿಯಾಳು? ಮುಖ್ಯ ಶಿಕ್ಷಕಿ, ಎಸ್‌ಡಿಎಂಸಿ ಅಧ್ಯಕ್ಷರು, ಪೇಪರಿನವರು ಎಲ್ಲ ಸುತ್ತ ನಿಂತಿದ್ದೇವೆ.

ಸೋಮವಾರ ಓಟದ ಗೆರೆಯ ಬಳಿ ಅವಳು ಶೂ ಬಿಚ್ಚಿ ಪಕ್ಕದಲ್ಲಿ ಇಟ್ಟಿದ್ದಳು. ನಾವು ಕ್ಯಾಮೆರಾ ಹಿಡಿದು ಹೋದೆವು. "ಹಾಕ್ಕೊಳ್ಳಮ್ಮಾ, ಕೊಟ್ಟಿರೋದೇ ಓಡೋಕೆ ಅಲ್ವಾ?" ಎಂದೆವು. ಶೂ ಹಾಕಿಕೊಂಡು ಗೆಲ್ಲುವ ಫೋಟೊ ನಮಗೆ ಬೇಕಿತ್ತು. ಸುದ್ದಿಯ ಎರಡನೇ ಭಾಗ.

ಹಾಕಿಕೊಂಡಳು. ಸೀಟಿ ಊದಿದರು. ಮೊದಲ ತಿರುವಿನ ತನಕ ಮುಂದಿದ್ದಳು. ಅಲ್ಲಿ ಹಿಮ್ಮಡಿ ಶೂನಿಂದ ಹೊರಗೆ ಬಂತು. ಕುಂಟುತ್ತ ಓಡಿದಳು. ಅರ್ಧ ಸುತ್ತಿನಲ್ಲಿ ಬಲಗಾಲಿನ ಶೂ ಕಳಚಿ ಬಿತ್ತು. ಒಂದು ಕಾಲಲ್ಲಿ ಶೂ, ಒಂದು ಕಾಲು ಖಾಲಿ. ಐದನೆಯವಳಾಗಿ ಬಂದಳು. ಜಿಲ್ಲೆಗೆ ಹೋಗುವ ಅವಕಾಶ ಹೋಯಿತು.

ನಾವು ಹತ್ತಿರ ಹೋದಾಗ ಅವಳು ಅಳುತ್ತಿರಲಿಲ್ಲ. ಬಿದ್ದಿದ್ದ ಶೂ ಎತ್ತಿಕೊಂಡು, ಮಣ್ಣು ಒರೆಸಿ, ಜೊತೆ ಮಾಡಿ ನಮ್ಮ ಮುಂದೆ ಹಿಡಿದಳು.

"ಸಾರ್, ಶೂ ವಾಪಸ್ ಕೊಡಬೇಕಾ?"

ಸೋತಿದ್ದಕ್ಕೆ ಕೊಟ್ಟಿದ್ದನ್ನು ಕಿತ್ತುಕೊಳ್ಳುತ್ತಾರೆ ಎಂದು ಆ ಮಗು ಅಂದುಕೊಂಡಿತ್ತು. ಅವಳ ಆ ಒಂದು ಪ್ರಶ್ನೆ ಹತ್ತು ವರ್ಷದ ವರದಿಗಾರಿಕೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನೆಲ್ಲ ನಮಗೆ ಕೇಳಿತು. ಬೇಡಮ್ಮಾ, ನಿನಗೇ ಇರಲಿ ಎಂದೆವು. ಆ ದಿನದ ಓಟದ ಬಗ್ಗೆ ನಾವು ಒಂದು ಸಾಲೂ ಬರೆಯಲಿಲ್ಲ. ಬರಿಗಾಲಲ್ಲಿ ಓಡಿದ್ದರೆ ಗೆಲ್ಲುತ್ತಿದ್ದಳೋ ಇಲ್ಲವೋ, ಯಾರಿಗೆ ಗೊತ್ತು. ಆದರೆ ಅವಳ ಓಟ ಅವಳದಾಗಿರುತ್ತಿತ್ತು.

ರಿಚರ್ಡ್ಸ್ ಟೌನಿನ ಹಿರಿಯರು ಹೇಳಿದ ಇಟ್ಟಿಗೆಯ ಮಾತು ಬೈಕಿನಲ್ಲಿ ಹಿಂದಿರುಗುವಾಗ ನೆನಪಾಯಿತು.

ನವೆಂಬರ್‌ನಲ್ಲಿ ಬೇರೆ ಸುದ್ದಿಗೆಂದು ಅದೇ ಊರಿಗೆ ಹೋದೆವು. ಶಾಲೆ ಬಯಲಿನಲ್ಲಿ ಹುಡುಗರು ಪ್ಲಾಸ್ಟಿಕ್ ಕವರ್ ಸುತ್ತಿ ದಾರ ಕಟ್ಟಿದ ಚೆಂಡು ಒದೆಯುತ್ತಿದ್ದರು. ನಮಗೆ ಗಾಬರಿ. ಆರು ಚೆಂಡು ಎಲ್ಲಿ?

ಮುಖ್ಯ ಶಿಕ್ಷಕಿ ಬೀರು ತೆಗೆದು ತೋರಿಸಿದರು. ಆರೂ ಇದ್ದವು, ನಾವು ಮಡಚಿಟ್ಟ ಹಾಗೆಯೇ.

"ಸೈಕಲ್ ಶಾಪಿನವನು ಟ್ಯೂಬಿಗೆ ಹೊಡೆಯೋದು ಇದಕ್ಕೆ ಹಿಡಿಯಲ್ಲ, ಪಿನ್ ಬೇಕು ಅಂದ ಸಾರ್. ಪಿನ್ ತರೋಣ ಅಂದ್ರೆ ತಾಲ್ಲೂಕಿಗೆ ಹೋಗ್ಬೇಕು. ಏಳು ತರಗತಿಗೆ ನಾವಿರೋದು ಮೂರು ಜನ. ಅದೂ ಅಲ್ದೆ ಎಲ್ಲಾನೂ ಸ್ಟಾಕ್ ರಿಜಿಸ್ಟರ್‌ಗೆ ಹತ್ತಿಸಿದೀನಿ. ಕಳೆದುಹೋದ್ರೆ ಚಾರ್ಜ್ ಕೊಡೋವಾಗ ನಾನು ಉತ್ತರ ಹೇಳ್ಬೇಕು."

ಅವರ ಮೇಲೆ ಸಿಟ್ಟು ಬರಲಿಲ್ಲ. ಬಿಸಿಯೂಟ, ಹಾಲು, ಹಾಜರಾತಿ, ಆನ್‌ಲೈನ್ ಎಂಟ್ರಿ ಎಲ್ಲ ಮಾಡಿ, ಉಳಿದ ಹೊತ್ತಿನಲ್ಲಿ ಪಾಠ ಮಾಡುವವರು ಅವರು. ಚೆಂಡಿನ ಗಾಳಿ ತೆಗೆದವರು ನಾವು. ಪಿನ್ ಬೇಡ ಎಂದವರೂ ನಾವೇ. ಮಾರನೇ ದಿನ ಮಾಲೂರಿನಲ್ಲಿ ಕೈಪಂಪು ಒಂದು, ಪಿನ್ ನಾಲ್ಕು ಕೊಂಡೆವು. ಒಂದು ಪಿನ್ನಿಗೆ 20 ರೂಪಾಯಿ. ಇಪ್ಪತ್ತು ರೂಪಾಯಿಯ ವಸ್ತು ಇಲ್ಲದೆ ಆರು ಚೆಂಡು ಮೂರು ತಿಂಗಳು ಬೀರುವಿನಲ್ಲಿ ಮಲಗಿದ್ದವು.

ಗಾಳಿ ತುಂಬಿದ ಮೇಲೆ ಮರದ ಕೆಳಗೆ ಮಕ್ಕಳ ಜೊತೆ ಕೂತು, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆವು. "ನೀವು ಏನು ಆಡ್ತೀರಿ? ನಿಮಗೆ ಏನು ಬೇಕು?"

ಹುಡುಗಿಯರು ಥ್ರೋಬಾಲ್, ಖೊಖೊ ಎಂದರು. ಹುಡುಗರು ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್ ಎಂದರು. ಸ್ಕೇಟ್ಸ್ ಯಾರಿಗೂ ಬೇಡ. ಊರಲ್ಲಿ ನುಣುಪು ಸಿಮೆಂಟ್ ನೆಲ ಇರುವುದು ದೇವಸ್ಥಾನದ ಮುಂದೆ ಮಾತ್ರ. ಆರರಲ್ಲಿ ನಾಲ್ಕು ಚೆಂಡು ಐದನೇ ಸೈಜಿನವು, ದೊಡ್ಡವರು ಆಡುವಂಥವು. 410ರಿಂದ 450 ಗ್ರಾಂ ತೂಗುತ್ತವೆ. ಚಿಕ್ಕ ಮಕ್ಕಳ ಕಾಲಿಗೆ ನಾಲ್ಕನೇ ಸೈಜು ಸಾಕು. ಇವೆಲ್ಲ ನಮಗೂ ಆಗಲೇ ತಿಳಿದಿದ್ದು. ಅವರು ಹೇಳಿದ್ದನ್ನೆಲ್ಲ ಪಟ್ಟಿ ಮಾಡಿಕೊಂಡೆವು: ಥ್ರೋಬಾಲ್ ಎರಡು, ನೆಟ್ ಒಂದು, ಮೊಣಕಾಲು ಪಟ್ಟಿ ಹತ್ತು ಜೊತೆ, ಹಗುರ ಬ್ಯಾಟ್ ಒಂದು, ಶೂ.

ಶೂಗೆ ನಂಬರ್ ಬೇಕಲ್ಲ? ಹಳೆ ಪೇಪರ್ ಹಾಸಿ, ಒಬ್ಬೊಬ್ಬರನ್ನೇ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆವು. ಕೂತು ಅಳೆದರೆ ತಪ್ಪಾಗುತ್ತದೆ, ನಿಂತಾಗ ಪಾದ ಹರಡುತ್ತದೆ. ಬೆರಳ ತುದಿಯಾಚೆ ಒಂದು ಬೆರಳಷ್ಟು ಜಾಗ ಬಿಟ್ಟು ಗುರುತು ಹಾಕಿದೆವು. ಹಾಳೆಯ ಮೇಲೆ ಹೆಸರು ಬರೆದೆವು. ಆ ಓಟದ ಹುಡುಗಿ ಕಾಲಿಟ್ಟ ಹಾಳೆಯಲ್ಲಿ ನಮ್ಮದೇ ಸುದ್ದಿ ಇತ್ತು, ರ‍್ಯಾಕೆಟ್ ಹಿಡಿದ ಪುಟ್ಟ ಹುಡುಗನ ಫೋಟೊ ಸಮೇತ. ಅವಳು ಅದನ್ನು ನೋಡಿ ನಕ್ಕಳು. ನಾವೂ ನಕ್ಕೆವು, ಸ್ವಲ್ಪ ನಾಚಿಕೆಯಿಂದ.

ಆ ಹಾಳೆಗಳ ಸುರುಳಿ ಹಿಡಿದು ಮತ್ತೆ ರಿಚರ್ಡ್ಸ್ ಟೌನಿಗೆ ಹೋದೆವು. ಸ್ಕೇಟ್ಸ್, ರ‍್ಯಾಕೆಟ್, ಈಜುವ ಕನ್ನಡಕ, ದೊಡ್ಡ ಬೂಟು ಎಲ್ಲ ವಾಪಸ್ ಹೊತ್ತುಕೊಂಡು. ಕೊಟ್ಟಿದ್ದನ್ನು ಹಿಂದಿರುಗಿಸಿದರೆ ಹಿರಿಯರು ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಅಳುಕು. ಅವರು ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಕನ್ನಡಕ ಏರಿಸಿ, ಒಂದೊಂದೇ ಹೆಸರು ಅಕ್ಕನಿಂದ ಓದಿಸಿಕೊಂಡರು. ಓಟದ ವಿಷಯ ಹೇಳಿದೆವು. ಸುಮ್ಮನೆ ಕೇಳಿದರು. "ಮಗು ಈಗ ಓಡ್ತಾಳಾ?" ಎಂದಷ್ಟೇ ಕೇಳಿದರು.

ಮುಂದಿನ ಕೆಲಸ ಮಾಡಿದ್ದು ಅಕ್ಕ. ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಕೆಲಸಕ್ಕೆ ಬರುವ ಹೆಂಗಸರ ಕೈಗೆ ಒಂದೊಂದು ಪಾದದ ಹಾಳೆ ಕೊಟ್ಟರು. "ನಿಮ್ ಮನೇಲಿ ಈ ಅಳತೆ ಶೂ ಸುಮ್ನೆ ಬಿದ್ದಿದ್ರೆ ಕೇಳ್ರಮ್ಮಾ." ಮೂರು ವಾರದಲ್ಲಿ ಒಂಬತ್ತು ಜೊತೆ ಬಂತು, ಎಲ್ಲ ಅಳತೆಗೆ ಸರಿಯಾಗಿ. ದೊಡ್ಡ ಬೂಟುಗಳು ಹಲಸೂರಿನ ಹತ್ತಿರದ ಗೌತಮಪುರದ ಹುಡುಗರಿಗೆ ಹೋದವು. ಆ ಕೇರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಬೂಟಿಗೆ ಅಲ್ಲಿ ಕಾಲುಗಳು ಕಾಯುತ್ತಿದ್ದವು. ನಮ್ಮ ಮಕ್ಕಳಿಗೆ ಬೇಡವಾದದ್ದು ಐದಾರು ಕಿಲೋಮೀಟರ್ ಆಚೆ ಬೇಕಾಗಿತ್ತು. ನಾವು ಅದನ್ನು ಮಾಲೂರಿಗೆ ಹೊತ್ತು, ಮತ್ತೆ ವಾಪಸ್ ಹೊತ್ತು ತಂದಿದ್ದೆವು.

ಪೂರ್ತಿ ಹರಿದ ಶೂ ಏನು ಮಾಡುವುದು? ಅದಕ್ಕೂ ದಾರಿ ಮಾಡಿದವರಿದ್ದಾರೆ. ಶ್ರೀಯಾನ್ಸ್ ಭಂಡಾರಿ, ರಮೇಶ್ ಧಾಮಿ ಎಂಬ ಇಬ್ಬರು ಓಟಗಾರರು 2013ರಲ್ಲಿ ಮುಂಬೈಯಲ್ಲಿ ಗ್ರೀನ್‌ಸೋಲ್ ಎಂಬ ಸಂಸ್ಥೆ ಶುರುಮಾಡಿದರು. ಓಟಗಾರರ ಶೂ ಮೇಲ್ಭಾಗ ಹರಿದರೂ ಅಡಿ ಗಟ್ಟಿಯಾಗಿರುತ್ತದೆ. ಆ ಅಡಿಯನ್ನು ಬಳಸಿ ಚಪ್ಪಲಿ ಮಾಡಿ ಬರಿಗಾಲಿನ ಮಕ್ಕಳಿಗೆ ಕೊಡುತ್ತಾರೆ. ಹರಿದ ಶೂ ಹರಿದ ಹಾಗೇ ಮಗುವಿನ ಕಾಲಿಗೆ ಬರುವುದಿಲ್ಲ, ಚಪ್ಪಲಿಯಾಗಿ ಬರುತ್ತದೆ. ನಮಗೆ ಹಿಡಿಸಿದ್ದು ಅದು.

ನಿಮ್ಮೂರಿನ ಶಾಲೆಗೂ ಯಾರಾದರೂ ಹಳೆ ಆಟದ ಸಾಮಾನು ಕೊಡುತ್ತೇವೆ ಎಂದರೆ, ನಾವು ಪೆಟ್ಟು ತಿಂದು ಕಲಿತದ್ದು ಇಷ್ಟು.

ಮೊದಲು ಮಕ್ಕಳನ್ನು ಕೇಳಿ, ಆಮೇಲೆ ಹೂಂ ಅನ್ನಿ. ಚೆಂಡಿನ ಜೊತೆ ಪಂಪು, ಪಿನ್ನು ಕೇಳಿ. ಪ್ಯಾಡ್, ಗ್ಲೌಸ್ ಜೊತೆ ಇದ್ದರೆ ಮಾತ್ರ ತನ್ನಿ. ಹೆಲ್ಮೆಟ್ ಒಮ್ಮೆ ಜೋರಾಗಿ ಪೆಟ್ಟು ತಿಂದಿದ್ದರೆ, ಬಿರುಕು ಕಾಣದಿದ್ದರೂ ಬೇಡ. ಅದರೊಳಗೆ ಇರುವುದು ಮಗುವಿನ ತಲೆ. ಹಿಡಿಯ ಹತ್ತಿರ ಸೀಳಿದ ಬ್ಯಾಟೂ ಬೇಡ. ಅಡಿಯಲ್ಲಿ ಗುಬ್ಬಿ ಇರುವ ಫುಟ್‌ಬಾಲ್ ಬೂಟು ಹುಲ್ಲಿನ ನೆಲಕ್ಕೆ ಮಾಡಿದ್ದು, ನಮ್ಮ ಗಟ್ಟಿ ಕೆಮ್ಮಣ್ಣಿನ ಮೇಲೆ ಕಾಲು ಉಳುಕುತ್ತದೆ. ಶೂ ಕೊಟ್ಟರೆ ಪಂದ್ಯಕ್ಕೆ ಒಂದೂವರೆ ಎರಡು ತಿಂಗಳ ಮೊದಲೇ ಕೊಡಿ. ಮೊದಲು ಅದರಲ್ಲಿ ನಡೆಯಲಿ, ಆಮೇಲೆ ನಿಧಾನ ಓಡಲಿ. ಪಂದ್ಯದ ದಿನ ಹಾಕಿಕೊಳ್ಳುವುದೋ ಬಿಡುವುದೋ ಮಗುವಿಗೇ ಬಿಡಿ. ಇನ್ನು ಸ್ಟಾಕ್ ರಿಜಿಸ್ಟರ್ ಭಯಕ್ಕೆ, ಸಾಮಾನು ಬರುವ ದಿನವೇ ಎಸ್‌ಡಿಎಂಸಿ ಸಭೆಯಲ್ಲಿ ಬರೆದುಕೊಳ್ಳಿ: ಇವು ಮಕ್ಕಳು ಆಡಿ ಸವೆಸಲಿಕ್ಕೆ ಬಂದ ಹಳೆ ವಸ್ತುಗಳು, ಸವೆದರೆ ಯಾರೂ ಹೊಣೆಯಲ್ಲ ಎಂದು. ನಮ್ಮ ಶಾಲೆಯಲ್ಲಿ ಹಾಗೆ ಬರೆದ ಮೇಲೆಯೇ ಬೀರುವಿನ ಬೀಗ ಹೊರಬಂತು.

ಇನ್ನೊಂದು ಮಾತು, ಮುಖ್ಯವಾದದ್ದು. ದಾನ ಬಂದರೆ ಒಳ್ಳೆಯದೇ. ಆದರೆ ಆಟದ ಸಾಮಾನು ನಮ್ಮ ಮಕ್ಕಳಿಗೆ ದಾನದಿಂದಲೇ ಬರಬೇಕಾಗಿಲ್ಲ. 2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಕ್ರೀಡಾ ಅನುದಾನ ಇದೆ. ಕಿರಿಯ ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿ, ಪ್ರೌಢಶಾಲೆಗೆ 25,000 ರೂಪಾಯಿ ತನಕ. ನಿಮ್ಮೂರ ಶಾಲೆಗೆ ಈ ವರ್ಷ ಎಷ್ಟು ಬಂತು, ಏನು ಕೊಂಡರು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಬಹುದು. ಕೇಳುವುದು ಜಗಳ ಅಲ್ಲ, ಅದು ತಂದೆತಾಯಿಯ ಹಕ್ಕು.

ನಾವು ಸ್ಟ್ರಿಂಗರ್‌ಗಳು ದಾನದ ಸುದ್ದಿ ಎಷ್ಟೋ ಬರೆದಿದ್ದೇವೆ. ಈ ಅನುದಾನದ ಸುದ್ದಿ ಒಂದನ್ನೂ ಬರೆದಿರಲಿಲ್ಲ. ದಾನದ ಸುದ್ದಿಗೆ ಫೋಟೊ ಸುಲಭವಾಗಿ ಸಿಗುತ್ತದೆ. ಅನುದಾನದ ಸುದ್ದಿಗೆ ಕಡತ ಓದಬೇಕು, ಕಚೇರಿ ಅಲೆಯಬೇಕು. ಈ ವರ್ಷ ಅಲೆಯಲು ಶುರುಮಾಡಿದ್ದೇವೆ.

ಆ ಹುಡುಗಿ ಈಗ ಎಂಟನೇ ತರಗತಿ, ಪಕ್ಕದೂರಿನ ಪ್ರೌಢಶಾಲೆಗೆ ಹೋಗುತ್ತಾಳೆ. ಪಾದದ ಹಾಳೆಯ ಅಳತೆಗೆ ಬಂದ ಮೂರು ನಂಬರಿನ ಶೂ ಹಾಕಿಕೊಂಡು ಬೇಸಿಗೆಯಿಡೀ ಕೆರೆ ಏರಿಯ ಮೇಲೆ ಓಡಿದ್ದಾಳೆ. ಜೂನ್‌ನಲ್ಲಿ ನಾವು ನೋಡಿದಾಗ ಬರಿಗಾಲಲ್ಲಿದ್ದಳು. ಶೂ ಎಲ್ಲಮ್ಮಾ ಎಂದೆವು.

"ಬಿಗಿ ಆಯ್ತಣ್ಣಾ. ಕಾಲು ಬೆಳೀತು. ಆರನೇ ಕ್ಲಾಸ್ ಹುಡುಗಿಗೆ ಕೊಟ್ಟೆ. ಅವಳಿಗೆ ಸರಿ ಆಗುತ್ತೆ, ಹಾಳೆ ಮೇಲೆ ಇಟ್ಟು ನೋಡೇ ಕೊಟ್ಟಿದ್ದು."

ಕಳೆದ ವರ್ಷ ನಾವು ಅವಳಿಗೆ ಸಾರ್ ಆಗಿದ್ದೆವು, ಈ ವರ್ಷ ಅಣ್ಣ ಆಗಿದ್ದೇವೆ. ಅಕ್ಕನಿಗೆ ಫೋನ್ ಮಾಡಿ, ನಾಲ್ಕು ನಂಬರ್ ಶೂ ಒಂದು ಜೊತೆ ಬೇಕು ಎಂದು ಹೇಳಿದ್ದೇವೆ. ಆ ಐದು ನಂಬರಿನ ನೀಲಿ ಶೂ ಇನ್ನೂ ಅವಳ ಮನೆಯಲ್ಲೇ ಇದೆಯಂತೆ, ಕಾಲು ಅಷ್ಟುದ್ದ ಬೆಳೆಯಲಿ ಎಂದು ಅವಳಮ್ಮ ಎತ್ತಿಟ್ಟಿದ್ದಾರೆ.

ನಮ್ಮ ಬೈಕಿನ ಬ್ಯಾಗಿನಲ್ಲಿ ಈಗ ಯಾವಾಗಲೂ ಒಂದು ಪಿನ್ ಇರುತ್ತದೆ. ಯಾವ ಊರಿನ ಶಾಲೆಗೆ ಹೋದರೂ ಮೊದಲು ಬೀರುವಿನಲ್ಲಿ ಚೆಂಡು ಇದೆಯಾ ಎಂದು ಕೇಳುತ್ತೇವೆ. ಹೆಚ್ಚಿನ ಕಡೆ ಇರುತ್ತದೆ. ಗಾಳಿ ಇರುವುದಿಲ್ಲ.